ಪರ್ಮಿಷನ್ ಇಲ್ಲ ಅಂದವಳು ನಾನಲ್ಲ

ನಮ್ಮ ನಡುಮನೆಯಲ್ಲಿ ಒಂದು ಪ್ರಿಂಟರ್ ಇದೆ. ಅದರ ಮೇಲೆ ನಾನೇ ಹೆಣೆದ ಬಿಳಿ ಕ್ರೋಶಾ ಬಟ್ಟೆ ಇದೆ. ಮನೆಗೆ ಬಂದವರು ಮೊದಲು ಬಟ್ಟೆಯನ್ನು ನೋಡುತ್ತಾರೆ, ಆಮೇಲೆ ಅದರ ಅಡಿಯಲ್ಲಿರುವುದನ್ನು ನೋಡುತ್ತಾರೆ, ಕೊನೆಗೆ ನನ್ನನ್ನು ನೋಡುತ್ತಾರೆ. ಈ ಕಾಲದಲ್ಲಿ ಇಷ್ಟು ದಪ್ಪದ ಪ್ರಿಂಟರನ್ನು ಯಾರಾದರೂ ಇಟ್ಟುಕೊಳ್ಳುತ್ತಾರೆಯೇ, ಗುಜರಿಗೆ ಹಾಕಿ ಎನ್ನುವುದು ಅವರೆಲ್ಲರ ಸಲಹೆ. ನನ್ನ ತಂಗಿ ಹೇಳಿದ್ದಾಳೆ, ತಂಗಿಯ ಗಂಡ ಹೇಳಿದ್ದಾನೆ, ಗ್ಯಾಸ್ ಸಿಲಿಂಡರ್ ತರುವವನೂ ಒಮ್ಮೆ ಬಾಗಿಲಲ್ಲಿ ನಿಂತು ಹೇಳಿದ. ನಾನು ಹಾಕುವುದಿಲ್ಲ. ಹಾಕುವುದಿಲ್ಲ ಎಂದರೆ ಹಾಕುವುದಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ಹೇಳುತ್ತಾ ಕೂತರೆ ನನ್ನ ಹಾಲು ಉಕ್ಕಿ ಹೋಗುತ್ತದೆ. ನಿಮಗೆ ಹೇಳುತ್ತೇನೆ, ನೀವು ಓದುವವರು, ಪುರುಸೊತ್ತು ಮಾಡಿಕೊಂಡು ಬಂದಿದ್ದೀರಿ.

ಗುಬ್ಬಿಯ ಒಂದು ಕಾಲೇಜಿನ ಕಚೇರಿಯಲ್ಲಿ ನಾನು ಮೂವತ್ತೊಂದು ವರ್ಷ ಗುಮಾಸ್ತೆಯಾಗಿದ್ದೆ. ಟೈಪ್‌ರೈಟರ್ ಕುಟ್ಟಿದ್ದೇನೆ, ಸೈಕ್ಲೋಸ್ಟೈಲ್ ಯಂತ್ರದ ಹಿಡಿ ತಿರುಗಿಸಿ ಸೀರೆಗೆ ಮಸಿ ಬಳಿದುಕೊಂಡಿದ್ದೇನೆ, ಕಂಪ್ಯೂಟರ್ ಬಂದಾಗ ಅದರ ಮುಂದೆ ಚಪ್ಪಲಿ ಬಿಟ್ಟು ಕೂತಿದ್ದೇನೆ. ಅಷ್ಟೂ ವರ್ಷ ಬೇರೆಯವರ ಯಂತ್ರ, ಬೇರೆಯವರ ಅಪ್ಪಣೆ. ನಿವೃತ್ತಿಯಾದಾಗ ಕೆಲವರು ಕಾಶಿಗೆ ಹೋಗುತ್ತಾರೆ, ಕೆಲವರು ಬಳೆ ಮಾಡಿಸಿಕೊಳ್ಳುತ್ತಾರೆ. ನಾನು ಒಂದು ಕಂಪ್ಯೂಟರು, ಒಂದು ಪ್ರಿಂಟರು ತಂದೆ. ಮೊದಲ ದಿನ ಪ್ರಿಂಟ್ ಮಾಡಿದ್ದು ನನ್ನ ಹೆಸರನ್ನೇ, ದಪ್ಪ ಅಕ್ಷರದಲ್ಲಿ, ಮೂರು ಪ್ರತಿ. ಒಂದು ಸಾಕಾಗಿತ್ತು. ಆದರೆ ಕಚೇರಿಯಲ್ಲಿ ಯಾವುದಕ್ಕೂ ಮೂರು ಪ್ರತಿ ತೆಗೆದು ಅಭ್ಯಾಸವಾದ ಕೈ.

ಅದಾದ ಮೇಲೆ ಪ್ರಿಂಟ್ ಮಾಡಲು ನನ್ನಲ್ಲಿ ಹೆಚ್ಚೇನೂ ಉಳಿದಿರಲಿಲ್ಲ ಎನ್ನುವುದು ನಿಜ. ಒಂದು ತಿಂಗಳು ಅದು ಬಟ್ಟೆ ಹೊದ್ದು ಸುಮ್ಮನೆ ಕೂತಿತ್ತು. ಅದಕ್ಕೆ ಕೆಲಸ ಕೊಟ್ಟವಳು ಪಕ್ಕದ ಮನೆಯ ಮಂಜುಳಾ.

ಮಂಜುಳಾಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವಳು ಮದುವೆಯಾಗಿ ಕುಣಿಗಲ್ಲಿನಿಂದ ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ನನಗಿಂತ ಹದಿಮೂರು ವರ್ಷಕ್ಕೆ ಚಿಕ್ಕವಳು. ಮೊದಲ ವರ್ಷ ನನ್ನನ್ನು ಗಿರಿಜಾ ಮೇಡಂ ಎಂದಳು, ಎರಡನೆಯ ವರ್ಷ ಗಿರಿಜಕ್ಕ ನೀವು ಎಂದಳು, ಮೂರನೆಯ ವರ್ಷದಿಂದ ಗಿರಿಜಕ್ಕ ನೀನು. ಜಗುಲಿಯ ಮೇಲೆ ಬೀದಿಯ ಮಕ್ಕಳಿಗೆ ಪಾಠ ಹೇಳುತ್ತಾಳೆ. ಅವಳ ಮನೆಯಲ್ಲೂ ಒಂದು ಕಂಪ್ಯೂಟರ್ ಇತ್ತು, ಮಕ್ಕಳಿಗೆ ಅಭ್ಯಾಸದ ಹಾಳೆಗಳನ್ನು ತಯಾರಿಸುತ್ತಿದ್ದಳು, ಪ್ರಿಂಟರ್ ಮಾತ್ರ ಇರಲಿಲ್ಲ. ನಮ್ಮಲ್ಲಿ ಪ್ರಿಂಟರ್ ಇತ್ತು, ಪ್ರಿಂಟ್ ಮಾಡಲು ಏನೂ ಇರಲಿಲ್ಲ. ಇಂಥ ಜೋಡಿಯನ್ನು ಜಾತಕ ನೋಡಿದರೂ ಹುಡುಕಲಾಗುವುದಿಲ್ಲ. ತುಮಕೂರಿನಿಂದ ಕಂಪ್ಯೂಟರ್ ರಿಪೇರಿ ನಟರಾಜುವನ್ನು ಕರೆಸಿ, ಗೋಡೆಯಲ್ಲಿ ಹೆಬ್ಬೆರಳಿನಷ್ಟು ತೂತು ಕೊರೆಸಿ, ಒಂದು ಕೇಬಲ್ ಎಳೆಸಿದೆವು. ಎರಡು ಕಂಪ್ಯೂಟರುಗಳೂ ಒಂದೇ ನೆಟ್‌ವರ್ಕಿಗೆ ಸೇರಿದವು. ಅವಳು ಅಲ್ಲಿ ಒತ್ತಿದರೆ ಹಾಳೆ ಇಲ್ಲಿ ಬರುತ್ತಿತ್ತು.

ಹಾಳೆ ಬಂದಿದ್ದು ದೊಡ್ಡ ವಿಷಯವಲ್ಲ. ಹಾಳೆಯ ಹಿಂದೆ ಅವಳೂ ಬರುತ್ತಿದ್ದಳು. ಮೊದಲು ಗೋಡೆಯಾಚೆಯಿಂದ ಬಂತಾ ಎಂದು ಕೂಗುವುದು, ನಾನು ಬಂತು ಎನ್ನುವುದು, ಆಮೇಲೆ ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಹಾಳೆ ತೆಗೆದುಕೊಂಡು, ತೆಗೆದುಕೊಂಡ ಮೇಲೂ ಅರ್ಧ ಗಂಟೆ ಕೂರುವುದು. ಎರಡು ಹಾಳೆಗೆ ಅರ್ಧ ಗಂಟೆ. ಅವಳ ಅತ್ತೆಯ ಮಂಡಿ ನೋವು, ನನ್ನ ತಂಗಿಯ ಗಂಡನ ಜಂಬ, ನಿಟ್ಟೂರಿನ ನಮ್ಮ ತೋಟದಲ್ಲಿ ಕಾಯಿ ಕೀಳುವವರು ಸಿಗದಿರುವುದು, ಎಲ್ಲವೂ ಆ ಪ್ರಿಂಟರಿನ ಪಕ್ಕದಲ್ಲೇ ಚರ್ಚೆಯಾಗಿವೆ. ನಮ್ಮ ಮನೆಯವರು ಮಿತಭಾಷಿಗಳು. ದಿನಕ್ಕೆ ಮೂವತ್ತು ಮಾತು ಆಡಿದರೆ ಅದರಲ್ಲಿ ಇಪ್ಪತ್ತು ತೆಂಗಿನ ಮರದ ಬಗ್ಗೆ. ಹಾಗಾಗಿ ಆ ಅರ್ಧ ಗಂಟೆ ನನಗೆ ಎಷ್ಟು ಮುಖ್ಯವಾಗಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಹಂಚಿಕೊಂಡು ಬಳಸುವುದು ನನಗೆ ನಟರಾಜು ಕಲಿಸಿದ ವಿದ್ಯೆಯೇನಲ್ಲ. ಅಮೃತೂರಿನಲ್ಲಿ ನಮ್ಮ ಅಜ್ಜಿಯ ಮನೆಯಲ್ಲಿ ಒಂದು ಶಾವಿಗೆ ಒರಳಿತ್ತು. ಮೂರು ಕಾಲಿನ ಕಬ್ಬಿಣದ ಒರಳು, ತಳದಲ್ಲಿ ತೂತಿನ ಬಿಲ್ಲೆ, ಮೇಲೆ ತಿರುಗಿಸುವ ಹಿಡಿ. ಇಡೀ ಬೀದಿಗೆ ಅದೊಂದೇ. ಯಾರ ಮನೆಗೆ ಅಳಿಯ ಬಂದರೂ, ಯಾರಿಗೆ ಕಾಯಿಹಾಲು ಶಾವಿಗೆಯ ಆಸೆಯಾದರೂ ಒರಳು ಅಲ್ಲಿಗೆ ಹೋಗುತ್ತಿತ್ತು. ವಾಪಸ್ಸು ಬರುವಾಗ ಜೊತೆಗೆ ಒಂದು ತಟ್ಟೆ ಶಾವಿಗೆ ಬರಬೇಕು ಎನ್ನುವುದು ನಿಯಮ. ನಾನು ರಜೆಗೆ ಹೋದಾಗ ಆ ಒರಳಿನ ಓಡಾಟದ ಮೇಲೆ ಕಣ್ಣಿಟ್ಟಿರುತ್ತಿದ್ದೆ. ಅದು ಮನೆಯಲ್ಲಿದ್ದ ದಿನ ನನಗೆ ಬೇಜಾರು, ಹೊರಗೆ ಹೋದ ದಿನ ಖುಷಿ.

ಬರೆಯದ ನಿಯಮ ಇನ್ನೊಂದಿತ್ತು. ಒಂದು ಸಲ ಇಲ್ಲ ಎನ್ನಿಸಿಕೊಂಡವರು ಎರಡನೆಯ ಸಲ ಕೇಳುತ್ತಿರಲಿಲ್ಲ. ಎದುರು ಮನೆಯ ನಂಜಮ್ಮ ಒಂದು ಮಧ್ಯಾಹ್ನ ಒರಳು ಕೇಳಲು ಬಂದಳು. ಅದು ಆಚೆ ಬೀದಿಗೆ ಹೋಗಿತ್ತು. ನಮ್ಮ ಚಿಕ್ಕಮ್ಮ ಹಿಟ್ಟಿನ ಕೈಯಲ್ಲಿದ್ದವಳು ತಿರುಗಿಯೂ ನೋಡದೆ ಇಲ್ಲ ಎಂದಳು, ಅಷ್ಟೆ. ನಂಜಮ್ಮ ಹೊರಟುಹೋದಳು. ಮಾರನೆಯ ದಿನ ಅಜ್ಜಿ ತಾನೇ ಒರಳು ಹೊರಿಸಿ ಕಳಿಸಿದರೆ, ಸಂಜೆ ಅದು ಬಳಸದೆ ಹಾಗೆಯೇ ವಾಪಸ್ಸು ಬಂತು, ತಟ್ಟೆಯಿಲ್ಲದೆ. ಅಜ್ಜಿ ಚಿಕ್ಕಮ್ಮನನ್ನು ಕೂರಿಸಿಕೊಂಡು ಹೇಳಿದ ಮಾತು ನನಗೆ ಈಗಲೂ ಕಿವಿಯಲ್ಲಿದೆ. "ಬೋಳು ಇಲ್ಲ ಅನ್ಬಾರ್ದು ಕಣೇ. ಇಲ್ಲ, ಆಚೆ ಬೀದಿಗೆ ಹೋಗೈತೆ, ಸಂಜೀಕೆ ಬಾ ಅನ್ಬೇಕು. ಬರೀ ಇಲ್ಲ ಅಂದ್ರೆ ಒರಳಿಲ್ಲ ಅಂತಲ್ಲ, ನೀನು ಬೇಡ ಅಂತ ಅರ್ಥ."

ಇಷ್ಟು ಕೇಳಿ ಬೆಳೆದ ನನ್ನ ಮನೆಯಿಂದಲೇ ಒಂದು ಬೋಳು ಇಲ್ಲ ಹೊರಗೆ ಹೋಯಿತು. ಅದೂ ನನಗೆ ಗೊತ್ತಿಲ್ಲದೆ.

ಒಂದು ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ಅಪ್‌ಡೇಟ್ ಆಗುತ್ತಿದೆ, ಆಫ್ ಮಾಡಬೇಡಿ ಎಂದಿತು. ನಾನು ಮಾಡಲಿಲ್ಲ. ಕಚೇರಿಯವಳು, ಸೂಚನೆ ಪಾಲಿಸುತ್ತೇನೆ. ತಿಂಡಿ ಮುಗಿಯಿತು, ಪಾತ್ರೆ ತೊಳೆದಾಯಿತು, ಅದು ಇನ್ನೂ ಸುತ್ತುತ್ತಲೇ ಇತ್ತು. ಕೊನೆಗೆ ತೆರೆದುಕೊಂಡಾಗ ಪರದೆಯ ಮೇಲೆ ಹೊಸ ಬೆಟ್ಟದ ಚಿತ್ರ ಬಂದಿತ್ತು. ಬೇರೇನೂ ವ್ಯತ್ಯಾಸ ಕಾಣಲಿಲ್ಲ. ಒಂದು ಹಾಳೆ ಪ್ರಿಂಟ್ ಮಾಡಿ ನೋಡಿದೆ, ಬಂತು. ಸದ್ಯ, ಬದುಕಿದೆ ಎಂದುಕೊಂಡೆ.

ಬುಧವಾರದ ಹೊತ್ತಿಗೆ ಗೋಡೆಯಾಚೆ ಸದ್ದಿಲ್ಲದಿರುವುದು ಗಮನಕ್ಕೆ ಬಂತು. ತವರಿಗೆ ಹೋಗಿರಬೇಕು ಎಂದುಕೊಂಡೆ. ಆದರೆ ಸಂಜೆ ಜಗುಲಿಯ ಮೇಲೆ ಮಕ್ಕಳು ಮಗ್ಗಿ ಹೇಳುವುದು ಕೇಳಿಸುತ್ತಿತ್ತು, ತಪ್ಪು ಹೇಳಿದವರನ್ನು ಅವಳು ಗದರಿಸುವುದೂ ಕೇಳಿಸುತ್ತಿತ್ತು. ಶನಿವಾರ ತರಕಾರಿ ತರಲು ಹೊರಟಾಗ ಎದುರಿಗೆ ಸಿಕ್ಕಳು. ಬಸ್‌ಸ್ಟ್ಯಾಂಡ್ ಕಡೆಯಿಂದ ಬಿಸಿಲಲ್ಲಿ ನಡೆದು ಬರುತ್ತಿದ್ದಳು. ಕೈಚೀಲದಿಂದ ಸುರುಳಿ ಸುತ್ತಿದ ಹಾಳೆಗಳು ಇಣುಕುತ್ತಿದ್ದವು. ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿದ ಹಾಳೆಗಳು. ನಾನು ನೋಡಿದ್ದನ್ನು ಅವಳು ನೋಡಿದಳು. ಚೀಲವನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿ, ಚೆನ್ನಾಗಿದ್ದೀರಾ ಎಂದಳು.

ಚೆನ್ನಾಗಿದ್ದೀರಾ! ಹತ್ತೊಂಬತ್ತು ವರ್ಷ ನೀನು ಎಂದವಳು. ನನಗೆ ಚಪ್ಪಲಿಯಲ್ಲಿ ಹೊಡೆದಂತಾಯಿತು. ಚೆನ್ನಾಗಿದ್ದೇನೆ, ನೀವು ಹೇಗಿದ್ದೀರಿ ಎಂದು ನಾನೂ ತಿರುಗಿಸಿ ಕೊಟ್ಟು, ತಲೆ ಎತ್ತಿಕೊಂಡು ಹೋದೆ. ಮಾರ್ಕೆಟ್ಟಿನಲ್ಲಿ ಏನು ಕೊಂಡೆನೋ ತಿಳಿಯಲಿಲ್ಲ, ಮನೆಗೆ ಬಂದು ನೋಡಿದರೆ ಎರಡು ಅಂಗಡಿಯಲ್ಲೂ ಹಾಗಲಕಾಯಿಯನ್ನೇ ಕೊಂಡು ತಂದಿದ್ದೆ. ನಮ್ಮ ಮನೆಯವರು ಹಾಗಲಕಾಯಿ ತಿನ್ನುವುದಿಲ್ಲ. ಆ ವಾರವಿಡೀ ತಿಂದರು.

ನನ್ನ ಕೋಪದ ಸ್ವಭಾವ ನಿಮಗೆ ಗೊತ್ತಿರಲಿ. ಅದು ಬೆಂಕಿ ಹತ್ತಿ ಉರಿಯುವ ಜಾತಿಯಲ್ಲ, ಬೂದಿಯ ಕೆಳಗೆ ಕೂತುಕೊಳ್ಳುವ ಜಾತಿ. ಏನಾಯಿತು ಎಂದು ಹೋಗಿ ಕೇಳಬಹುದಿತ್ತು. ಅವಳೇ ಬಂದು ಹೇಳಲಿ ಎಂದು ಕೂತೆ. ಅವಳು ಬರಲಿಲ್ಲ. ನಾನು ಹೋಗಲಿಲ್ಲ. ಪ್ರಿಂಟರಿನ ಮೇಲಿನ ಬಟ್ಟೆ ತೆಗೆದು ಒಗೆದು ಇಸ್ತ್ರಿ ಮಾಡಿ ಮತ್ತೆ ಹಾಕಿದೆ. ಹೀಗೆ ಹನ್ನೊಂದು ದಿನ.

ಹನ್ನೆರಡನೆಯ ದಿನ ಬೆಳಿಗ್ಗೆ ನಮ್ಮ ಮನೆಯವರು ಹಾಲು ತರಲು ಹೋದವರು ಆ ದಿನದ ಮೂವತ್ತು ಮಾತನ್ನು ಒಟ್ಟಿಗೆ ಆಡಿದರು. ಹಾಲಿನ ಬೂತಿನಲ್ಲಿ ಮಂಜುಳಾಳ ಗಂಡ ಲೋಕೇಶ ಸಿಕ್ಕಿದ್ದನಂತೆ. ಸೋಮವಾರ ತುಮಕೂರಿಗೆ ಹೋಗಿ ಒಂದು ಪ್ರಿಂಟರ್ ತರುತ್ತೇನೆ ಅಂದನಂತೆ. ನಮ್ಮದು ಇದೆಯಲ್ಲ ಎಂದು ಇವರು ಕೇಳಿದ್ದಕ್ಕೆ ಅವನು ನೆಲ ನೋಡಿಕೊಂಡು, ಗಿರಿಜಕ್ಕ ಪರ್ಮಿಷನ್ ತೆಗೆದಿದ್ದಾರಲ್ಲ, ಅವರ ವಸ್ತು, ಅವರಿಷ್ಟ, ನಾವು ತಪ್ಪು ತಿಳಿದುಕೊಂಡಿಲ್ಲ ಎಂದನಂತೆ. ಹೇಳಿ ಮುಗಿಸಿ ಇವರು ಕಾಫಿ ಕೇಳಿದರು.

ನಾನು ಲೋಟ ಹಿಡಿದು ನಿಂತೇ ಇದ್ದೆ. ನಾನು ಪರ್ಮಿಷನ್ ತೆಗೆದಿದ್ದೇನೆಯೇ? ಇವರು ಬಿಡಿಸಿ ಹೇಳಿದ ಮೇಲೆ ತಿಳಿಯಿತು. ಅಪ್‌ಡೇಟ್ ಆದ ಆ ಸೋಮವಾರ ಮಂಜುಳಾ ಎಂದಿನಂತೆ ಪ್ರಿಂಟ್ ಒತ್ತಿದಾಗ ಅವಳ ಪರದೆಯ ಮೇಲೆ, ಇದನ್ನು ಬಳಸಲು ನಿಮಗೆ ಅನುಮತಿ ಇಲ್ಲ, ಉಸ್ತುವಾರಿಯವರನ್ನು ಕೇಳಿ ಎಂದು ಇಂಗ್ಲಿಷಿನಲ್ಲಿ ಬಂದಿದೆ. ಆ ಯಂತ್ರದ ಉಸ್ತುವಾರಿ ಯಾರು? ಗೋಡೆಯಾಚೆಯ ಗಿರಿಜಕ್ಕ. ಗಿರಿಜಕ್ಕನಿಗೆ ಕಂಪ್ಯೂಟರ್ ಗೊತ್ತು, ಮೂವತ್ತೊಂದು ವರ್ಷ ಕಚೇರಿಯಲ್ಲಿದ್ದವಳು, ಬೀಗ ಹಾಕುವುದು ಗೊತ್ತಿರುತ್ತದೆ. ಹಾಕಿದ್ದಾಳೆ.

ಇದನ್ನು ನಂಬಲು ಅವಳಿಗೆ ಕಾರಣವನ್ನೂ ನಾನೇ ಕೊಟ್ಟಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಹಿಂದಿನ ವಾರ ಅವಳು ಒಂದನೆಯ ತರಗತಿಯ ಮಕ್ಕಳಿಗೆಂದು ಹಾಳೆಯ ತುಂಬ ಬಣ್ಣದ ಬಲೂನುಗಳನ್ನು ಕಳಿಸಿದ್ದಳು. ಹನ್ನೆರಡು ಹಾಳೆ, ಒಂದೊಂದರಲ್ಲೂ ನಲವತ್ತು ಬಲೂನು. ಅವಳು ತೆಗೆದುಕೊಳ್ಳಲು ಬಂದಾಗ ನಾನು, ಏನೇ ಮಂಜುಳಾ, ನನ್ನ ಇಂಕನ್ನೆಲ್ಲ ಊದಿ ಬಲೂನು ಮಾಡಿಬಿಟ್ಟೆಯಲ್ಲ ಎಂದಿದ್ದೆ. ತಮಾಷೆಗೆ ಅಂದದ್ದು. ಅವಳೂ ನಕ್ಕಿದ್ದಳು. ಸೋಮವಾರದ ಅಕ್ಷರಗಳನ್ನು ಓದಿದ ಮೇಲೆ ಆ ತಮಾಷೆ ಅವಳ ಮನಸ್ಸಿನಲ್ಲಿ ಬೇರೆ ಬಣ್ಣ ಪಡೆದಿರಬೇಕು.

ನಟರಾಜುಗೆ ಫೋನ್ ಮಾಡಿದೆ. ಅವನು ತುಮಕೂರಿನ ಟೌನ್‌ಹಾಲ್ ಹತ್ತಿರ ಅಂಗಡಿ ಇಟ್ಟುಕೊಂಡಿದ್ದಾನೆ. ನಲವತ್ತೈದು ದಾಟಿದವನು, ನಮ್ಮ ಕಾಲೇಜಿನಲ್ಲೇ ಓದಿದವನು. ಅವನ ಅಂಕಪಟ್ಟಿಯನ್ನು ಟೈಪ್ ಮಾಡಿದವಳು ನಾನಾದ್ದರಿಂದ ಸ್ವಲ್ಪ ಹೆದರುತ್ತಾನೆ. ಸಮಾಚಾರ ಕೇಳಿ ನಿಧಾನವಾಗಿ ಹೇಳಿದ.

"ಅಪ್‌ಡೇಟ್ ಆದ್ಮೇಲೆ ಎಲ್ಲಾ ಕಡೆ ಇದೇ ಗೋಳು ಮೇಡಂ. ಮೊದ್ಲು ಗೆಸ್ಟ್ ಅಂತ ಯಾರು ಬಂದ್ರೂ ಒಳಕ್ಕೆ ಬಿಡೋದು. ಈಗ ಸೇಫ್ಟಿಗೆ ಅಂತ ಗೆಸ್ಟ್‌ನ ನಿಲ್ಸವ್ರೆ. ಹೆಸ್ರು, ಪಾಸ್‌ವರ್ಡ್ ಇಲ್ದೆ ಬಿಡಲ್ಲ. ತಲೆ ಕೆಡಿಸ್ಕೋಬೇಡಿ, ಅವ್ರಿಗೇ ಒಂದು ಪ್ರಿಂಟ್ರು ತಗೊಳ್ಳಾಕೆ ಹೇಳಿ."

ನನ್ನ ಬೂದಿ ಆಗ ಹಾರಿತು. ನನ್ನ ಮನೆ, ನನ್ನ ಯಂತ್ರ, ನನ್ನ ಪಕ್ಕದ ಮನೆಯವಳು. ಬರುವ ಅತಿಥಿಯನ್ನು ಬಾಗಿಲಲ್ಲಿ ನಿಲ್ಲಿಸುವಂತೆ ಆ ಕಂಪನಿಯವರಿಗೆ ಹೇಳಿದವರು ಯಾರು? ಬಾಗಿಲು ಹಾಕಲೇಬೇಕಾದರೆ ನನ್ನನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ ಹೋಗಲಿ, ನಾವು ಹಾಕಿದ್ದೇವೆ ಎಂದು ತಮ್ಮ ಹೆಸರು ಬರೆದುಕೊಳ್ಳಬಹುದಿತ್ತು. ಬಾಗಿಲು ಹಾಕಿದವರು ಅವರು, ಇಲ್ಲ ಅಂದವಳು ನಾನು! ಕಳ್ಳರಿಂದ ಕಾಪಾಡುತ್ತಾರಂತೆ. ಗುಬ್ಬಿಯಲ್ಲಿ ನನ್ನ ಮನೆಗೆ ಬಂದು ಬಲೂನು ಪ್ರಿಂಟ್ ಮಾಡಿಕೊಂಡು ಓಡಿಹೋಗುವ ಕಳ್ಳ ಯಾರಿದ್ದಾನೆ ಎಂದು ನಟರಾಜುವನ್ನು ಕೇಳಿದೆ.

ಇಂಥ ಆದೇಶಗಳನ್ನು ನಾನು ನೋಡಿಲ್ಲವೆಂದಲ್ಲ. ಒಮ್ಮೆ ಹೊಸ ಪ್ರಿನ್ಸಿಪಾಲರೊಬ್ಬರು ಬಂದು, ವಿದ್ಯಾರ್ಥಿಗಳು ಕಚೇರಿಯ ಒಳಗೆ ಬರಕೂಡದು ಎಂದು ಸುತ್ತೋಲೆ ಹೊರಡಿಸಿದರು. ಟೈಪ್ ಮಾಡಿದವಳು ನಾನೇ, ಮೂರು ಪ್ರತಿ. ನಮ್ಮ ಕಚೇರಿಯ ಮೂಲೆಯಲ್ಲಿ ಒಂದು ಮಡಕೆ ನೀರು ಇರುತ್ತಿತ್ತು, ಹಳ್ಳಿಗಳಿಂದ ಸೈಕಲ್ ತುಳಿದು ಬಂದ ಮಕ್ಕಳು ಅದನ್ನೇ ಕುಡಿಯುತ್ತಿದ್ದರು. ಸುತ್ತೋಲೆಗೆ ಸೀಲು ಒತ್ತಿದ ಮೇಲೆ ನಾನು ಮಡಕೆಯನ್ನು ಎತ್ತಿ ಕಿಟಕಿಯ ಮೇಲಿಟ್ಟೆ. ಒಳಗೆ ಬರಬಾರದು ಎಂದಿದೆ ಸಾರ್, ಕೈ ಹಾಕಬಾರದು ಎಂದಿಲ್ಲ ಎಂದು ವಿವರಣೆ ಕೊಟ್ಟೆ. ಅವರು ವರ್ಗವಾಗಿ ಹೋಗುವವರೆಗೂ ಮಡಕೆ ಕಿಟಕಿಯಲ್ಲೇ ಇತ್ತು.

ಆ ಧೈರ್ಯದಲ್ಲಿ ಗುರುವಾರ ಬೆಳಿಗ್ಗೆ ಕಂಪ್ಯೂಟರಿನ ಡಬ್ಬವನ್ನು ಹಳೆಯ ಜಮಖಾನದಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ತುಮಕೂರಿನ ಪ್ರೈವೇಟ್ ಬಸ್ ಹತ್ತಿದೆ. ಕಂಡಕ್ಟರ್ ಗಂಟನ್ನು ನೋಡಿ, ದೇವ್ರಾ ಅಮ್ಮ ಎಂದು ಮೆಲ್ಲಗೆ ಕೇಳಿದ. ನಮ್ಮ ಕಡೆ ದೇವರನ್ನು ಹೀಗೆ ಬಟ್ಟೆ ಸುತ್ತಿ ಮಡಿಲಲ್ಲಿಟ್ಟುಕೊಂಡು ಹೋಗುವುದುಂಟು. ನಾನು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಪಕ್ಕದಲ್ಲಿದ್ದ ಮುದುಕಿ ಕೈ ಮುಗಿದು ಕಿಟಕಿಯ ಸೀಟು ಬಿಟ್ಟುಕೊಟ್ಟಳು. ಹೆಗ್ಗೆರೆ ದಾಟುವವರೆಗೂ ನಾನು ಭಕ್ತಿಯ ಮುಖ ಮಾಡಿಕೊಂಡು ಕೂತಿದ್ದೆ.

ನಟರಾಜು ಜಮಖಾನ ಬಿಚ್ಚಿ ಡಬ್ಬಕ್ಕೆ ವೈರು ಸಿಕ್ಕಿಸಿ ನೋಡಿದ. ಎಲ್ಲ ಸರಿಯಿದೆ ಎಂದ. ಸರಿಯಿಲ್ಲ ಎಂದೆ. ಅವನು ನಗು ತಡೆದುಕೊಂಡು, ಇದೊಂದನ್ನೇ ತಂದರೆ ಏನು ಗೊತ್ತಾಗುತ್ತದೆ ಮೇಡಂ, ತೊಂದರೆ ಇರುವುದು ಎರಡು ಕಂಪ್ಯೂಟರಿನ ಮಧ್ಯೆ ಎಂದ. ಗಂಡ ಹೆಂಡಿರ ಜಗಳಕ್ಕೆ ಗಂಡನನ್ನು ಮಾತ್ರ ಪಂಚಾಯಿತಿಗೆ ಹೊತ್ತುಕೊಂಡು ಬಂದ ಹಾಗಾಯಿತು ನನ್ನ ಕಥೆ. ಮೂವತ್ತೊಂದು ವರ್ಷದ ಅನುಭವ ಎಂದು ಮೆರೆದವಳು ತೆಪ್ಪಗೆ ಕೂತೆ.

ಬಂದಿದ್ದಕ್ಕೆ ಪಾಠವನ್ನಾದರೂ ಕಲಿತು ಹೋಗುತ್ತೇನೆ ಎಂದು ಹಳೆಯ ಡೈರಿ ತೆಗೆದೆ. ಅವನು ಹೇಳಿದ, ನಾನು ಬರೆದುಕೊಂಡೆ. ಅಪ್‌ಡೇಟ್ ಆದಾಗ ನನ್ನ ಕಂಪ್ಯೂಟರ್ ನಮ್ಮ ಮನೆಯ ನೆಟ್‌ವರ್ಕನ್ನು ಬಸ್‌ಸ್ಟ್ಯಾಂಡಿನಂಥ ಸಾರ್ವಜನಿಕ ಜಾಗ ಎಂದು ತಿಳಿದುಕೊಂಡಿದೆ, ಅದನ್ನು ಖಾಸಗಿ ಎಂದು ತಿದ್ದಬೇಕು. ಪ್ರಿಂಟರ್ ಹಂಚಿಕೆಯನ್ನು ಮತ್ತೆ ಆನ್ ಮಾಡಬೇಕು. ನನ್ನ ಕಂಪ್ಯೂಟರಿನಲ್ಲಿ ಮಂಜುಳಾಳ ಹೆಸರಿನಲ್ಲೊಂದು ಖಾತೆ ತೆರೆದು ಅದಕ್ಕೆ ಪಾಸ್‌ವರ್ಡ್ ಇಡಬೇಕು. ಆಮೇಲೆ ಅದೇ ಹೆಸರು, ಅದೇ ಪಾಸ್‌ವರ್ಡನ್ನು ಅವಳ ಕಂಪ್ಯೂಟರಿನಲ್ಲಿ ಒಂದು ಸಲ ಹಾಕಿ ಉಳಿಸಬೇಕು. ಅಷ್ಟು ಮಾಡಿದರೆ ಸಾಕು.

ಅಷ್ಟೇ ಎಂದು ಅವನು ಸಲೀಸಾಗಿ ಹೇಳಿಬಿಟ್ಟ. ಕೊನೆಯ ಸಾಲು ಬರೆಯುವಾಗ ನನ್ನ ಪೆನ್ನು ನಿಂತಿತು. ಅವಳ ಕಂಪ್ಯೂಟರಿನಲ್ಲಿ ಎಂದರೆ ಅವಳ ಮನೆಗೆ ಹೋಗಬೇಕು. ನೀವು ಎಂದವಳ ಮನೆಗೆ. ಗುಬ್ಬಿಯಿಂದ ತುಮಕೂರಿಗೆ ದೇವರನ್ನು ಹೊತ್ತುಕೊಂಡು ಬಂದಷ್ಟು ಸುಲಭವಾಗಿರಲಿಲ್ಲ ಅದು. ಅವಳಿಗೊಂದು ಪ್ರಿಂಟ್ರು ತಗೊಂಡರೆ ಎಲ್ಲರಿಗೂ ನೆಮ್ಮದಿ ಎಂದು ನಟರಾಜು ಮತ್ತೊಮ್ಮೆ ಹೇಳಿದ. ಅವನದು ತಪ್ಪಲ್ಲ. ಅವನು ಪ್ರಿಂಟರಿನ ಬಗ್ಗೆ ಮಾತಾಡುತ್ತಿದ್ದ, ನಾನು ಪ್ರಿಂಟರಿನ ಬಗ್ಗೆ ಯೋಚಿಸುತ್ತಲೇ ಇರಲಿಲ್ಲ. ಸೋಮವಾರ ಲೋಕೇಶ ಹೊಸದನ್ನು ತಂದುಬಿಟ್ಟರೆ ಮಂಜುಳಾಳಿಗೆ ನಮ್ಮ ಮನೆಗೆ ಬರಲು ನೆಪವೇ ಉಳಿಯುವುದಿಲ್ಲ. ನೆಪವಿಲ್ಲದೆ ಬರುವಷ್ಟು ಸಲಿಗೆಯನ್ನು ಆ ಇಂಗ್ಲಿಷ್ ವಾಕ್ಯ ನುಂಗಿಹಾಕಿತ್ತು.

ಶುಕ್ರವಾರ ನನ್ನ ಕಡೆಯ ಕೆಲಸವನ್ನೆಲ್ಲ ಮುಗಿಸಿದೆ. ಖಾಸಗಿ ಎಂದು ತಿದ್ದಿದೆ. ಹಂಚಿಕೆ ಆನ್ ಮಾಡಿದೆ. ಮಂಜುಳಾ ಎಂದು ಖಾತೆ ತೆರೆದೆ. ಪಾಸ್‌ವರ್ಡ್ ಇಡು ಎಂದಿತು, ಇಟ್ಟೆ. ಏನಿಟ್ಟೆ ಎಂದು ನಿಮಗೂ ಹೇಳುವುದಿಲ್ಲ. ಶನಿವಾರ ಮಧ್ಯಾಹ್ನ, ಪಾಠ ಶುರುವಾಗುವುದಕ್ಕೆ ಮೊದಲು, ಡೈರಿ ಹಿಡಿದುಕೊಂಡು ಹೊರಟೆ. ನಮ್ಮ ಬಾಗಿಲಿನಿಂದ ಅವಳ ಬಾಗಿಲಿಗೆ ಹದಿನಾಲ್ಕು ಹೆಜ್ಜೆ. ಆ ದಿನ ಎರಡು ಸಲ ವಾಪಸ್ಸು ಬಂದೆ, ಒಂದು ಸಲ ಕನ್ನಡಕಕ್ಕೆ, ಇನ್ನೊಂದು ಸಲ ಸುಮ್ಮನೆ.

ಅವಳು ಒಬ್ಬಳೇ ಇದ್ದಳು. ನನ್ನನ್ನು ಕಂಡು ಎದ್ದು ನಿಂತು, ಬನ್ನಿ ಎಂದು ಕುರ್ಚಿಯ ಮೇಲಿನ ಬಟ್ಟೆಗಳನ್ನು ತೆಗೆದಳು. ನಾನು ಕೂರಲಿಲ್ಲ. ಕೂತರೆ ಕಾಫಿ ಬರುತ್ತದೆ, ಕಾಫಿ ಬಂದರೆ ಮಾತು ಊರ ಸುತ್ತುತ್ತದೆ. ನಿಂತೇ ಹೇಳಿದೆ.

"ಪರ್ಮಿಷನ್ ಇಲ್ಲ ಅಂದವಳು ನಾನಲ್ಲ ಕಣೇ. ಅಪ್‌ಡೇಟ್ ಆಗಿ ಅದಷ್ಟಕ್ಕೆ ಅದೇ ಬೀಗ ಹಾಕ್ಕೊಂಡೈತೆ. ನಂಗೆ ಗೊತ್ತೇ ಇರ್ಲಿಲ್ಲ."

"ಅಯ್ಯೋ, ಬುಡಿ ಅಕ್ಕ. ನಾವೇನೂ ಅನ್ಕೊಂಡಿಲ್ಲ. ಹೆಂಗೂ ಇವ್ರು ಸೋಮವಾರ ಒಂದು ತರ್ತಾರೆ."

"ಉಸ್ತುವಾರಿಯವ್ರನ್ನ ಕೇಳಿ ಅಂತ ಬಂತಲ್ಲ. ಕೇಳ್ಬೇಕಿತ್ತು. ಯಾಕೆ ಕೇಳ್ಲಿಲ್ಲ?"

ಅವಳು ಬಟ್ಟೆಗಳನ್ನು ಮಡಿಸತೊಡಗಿದಳು. ಆಗಲೇ ಮಡಿಸಿದ್ದ ಬಟ್ಟೆಗಳು. ನಾನು ಬಿಡುವ ಹಾಗಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ನಿನಗೆ ಒಂದು ಸಲ ಇಲ್ಲ ಅಂದಿದ್ದೇನಾ ಹೇಳು ಎಂದೆ. ಅವಳು ತಲೆ ಎತ್ತಿದಳು. ಕಣ್ಣುಗಳು ತುಂಬಿದ್ದವು.

"ಅದುಕ್ಕೇ ಭಯ ಆಯ್ತು ಅಕ್ಕ. ಒಂದು ಸಲಾನೂ ಅಂದಿರ್ಲಿಲ್ಲ. ಬಂದು ಕೇಳಿ, ನಿಮ್ಮ ಬಾಯಲ್ಲಿ ಇಲ್ಲ ಅಂತ ಬಂದ್ಬುಟ್ಟಿದ್ರೆ ಏನ್ ಮಾಡ್ಲಿ? ಕೇಳ್ದೆ ಇದ್ರೆ ಆ ಕಂಪ್ಯೂಟ್ರು ಹೇಳ್ತು, ನೀವಲ್ಲ ಅಂತಾದ್ರೂ ಇರ್ತದೆ."

ನಾನು ಕುರ್ಚಿಯ ಮೇಲೆ ಕೂತೆ. ಹನ್ನೊಂದು ದಿನ ನಾನು ಅದನ್ನು ಜಂಬ ಎಂದುಕೊಂಡಿದ್ದೆ, ಅವಳದ್ದು ಹೆದರಿಕೆಯಾಗಿತ್ತು. ನನಗೂ ಅಳು ಬಂತು, ತಡೆಯಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಅತ್ತು, ಮೂಗು ಒರೆಸಿಕೊಂಡು, ಅವಳ ಕಂಪ್ಯೂಟರ್ ಹಾಕಿದೆವು.

ಸಿನಿಮಾದಲ್ಲಾಗಿದ್ದರೆ ಅದು ಆಗಲೇ ಪ್ರಿಂಟ್ ಮಾಡಿಬಿಡುತ್ತಿತ್ತು. ನಮ್ಮದು ಮಾಡಲಿಲ್ಲ. ಅವಳ ಕಂಪ್ಯೂಟರಿನಲ್ಲಿ ನನ್ನ ಯಂತ್ರದ ಹೆಸರು ಕಾಣಿಸಿತು, ಒತ್ತಿದರೆ ಹೆಸರು, ಪಾಸ್‌ವರ್ಡ್ ಕೇಳಿತು. ನಾನು ದಿನಾ ಬೆಳಿಗ್ಗೆ ನನ್ನ ಕಂಪ್ಯೂಟರ್ ತೆರೆಯಲು ಹಾಕುವ ನಾಲ್ಕು ಅಂಕಿಗಳನ್ನು ಕೈ ತಾನಾಗಿ ಒತ್ತಿತು. ತಪ್ಪು ಎಂದಿತು. ಇನ್ನೊಮ್ಮೆ ಒತ್ತಿದೆ, ಇನ್ನೊಮ್ಮೆ ತಪ್ಪು. ಡೈರಿ ತಿರುವಿ ನೋಡಿದರೆ ನಟರಾಜು ಹೇಳಿದ್ದು ಅಲ್ಲೇ ಇತ್ತು, ನಾನೇ ಅಡಿಗೆರೆ ಎಳೆದಿದ್ದೆ: ಆ ನಾಲ್ಕು ಅಂಕಿ ನಮ್ಮ ಯಂತ್ರದ ಮುಂದೆ ಕೂತವರಿಗೆ ಮಾತ್ರ, ಗೋಡೆಯಾಚೆಗೆ ನಡೆಯುವುದಿಲ್ಲ. ಅವಳ ಹೆಸರನ್ನೂ ಅವಳಿಗೆಂದೇ ಇಟ್ಟ ಪಾಸ್‌ವರ್ಡನ್ನೂ ಹಾಕಿ, ನೆನಪಿಟ್ಟುಕೋ ಎಂಬ ಚೌಕಕ್ಕೆ ಗುರುತು ಮಾಡಿ, ಪ್ರಿಂಟರನ್ನು ಹೊಸದಾಗಿ ಸೇರಿಸಿದೆವು. ಈ ಸಲ ಪರದೆಯ ಮೇಲೆ ಯಾರೂ ಯಾರನ್ನೂ ಕೇಳಿ ಎನ್ನಲಿಲ್ಲ.

ಏನು ಕಳಿಸಲಿ ಎಂದಳು. ಬಲೂನು ಎಂದೆ. ಅವಳು ನನ್ನ ಮುಖ ನೋಡಿದಳು. ಎಲ್ಲಾ ಬಣ್ಣದ್ದೂ ಕಳಿಸು, ಹನ್ನೆರಡೂ ಹಾಳೆ ಎಂದೆ. ಕಳಿಸಿದಳು. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ನಮ್ಮ ಮನೆಯವರ ಧ್ವನಿ ಕೇಳಿಸಿತು, ಇದೇನೇ ಗಿರಿಜಾ, ಬಲೂನು ನಿಲ್ಲುತ್ತಲೇ ಇಲ್ಲವಲ್ಲ ಎಂದು. ಲೋಕೇಶ ಸೋಮವಾರ ತುಮಕೂರಿಗೆ ಹೋಗಲಿಲ್ಲ. ಮಂಜುಳಾ ಆ ಶನಿವಾರ ಸಂಜೆಯೇ ಮತ್ತೆ ನೀನು ಎಂದಳು.

ಆಪರೇಟಿಂಗ್ ಸಿಸ್ಟಮ್ ಮಾಡುವವರಿಗೆ ನಮ್ಮಿಬ್ಬರ ಸುದ್ದಿ ತಲುಪಿಲ್ಲವಾದ್ದರಿಂದ ಮೊನ್ನೆ ಇನ್ನೊಂದು ಅಪ್‌ಡೇಟ್ ಕಳಿಸಿದರು. ಬೆಟ್ಟದ ಚಿತ್ರ ಹೋಗಿ ಸಮುದ್ರ ಬಂತು. ನಾನು ಅಡುಗೆಮನೆಯಲ್ಲಿ ಒಗ್ಗರಣೆಗೆ ಎಣ್ಣೆ ಇಟ್ಟಿದ್ದೆ. ಬಾಗಿಲು ದಡಾರನೆ ತೆರೆಯಿತು. ಮಂಜುಳಾ, ಪಾಠದ ಮಧ್ಯೆ ಎದ್ದು ಬಂದವಳು, ಕೈಯಲ್ಲಿ ಚಾಕ್‌ಪೀಸು, ಹಿಂದೆ ಜಗುಲಿಯಲ್ಲಿ ಮಕ್ಕಳ ಗಲಾಟೆ.

"ಅಕ್ಕ, ಮತ್ತೆ ಅದೇ ಬಂದೈತೆ. ಉಸ್ತುವಾರಿಯವ್ರನ್ನ ಕೇಳಿ ಅಂತ. ಅದುಕ್ಕೆ ಕೇಳಾಕೆ ಬಂದೆ. ಪರ್ಮಿಷನ್ ಐತೋ ಇಲ್ವೋ, ಬಾಯಿ ಬಿಟ್ಟು ಹೇಳು."

ಒಲೆ ಆರಿಸಿದೆ. ನನ್ನೊಳಗೆ ಯಾವ ದೆವ್ವ ಹೊಕ್ಕಿತೋ ಗೊತ್ತಿಲ್ಲ. ಅವಳ ಮುಖವನ್ನೇ ನೋಡುತ್ತಾ ಹೇಳಿದೆ.

"ಇಲ್ಲ."

ಅವಳಿಗೆ ನಾನು ಹೇಳಿದ ಮೊದಲ ಇಲ್ಲ. ಅಂದದ್ದು ಅತಿಯಾಯಿತೇನೋ ಎಂದುಕೊಂಡೆ.

"ಇಲ್ದಿದ್ರೆ ಇಲ್ಲ, ಬುಡು. ನಿನ್ನ ಮಾತು ಯಾರು ಕೇಳ್ತಾರೆ ಇಲ್ಲಿ, ಜರುಗು ಅತ್ಲಾಗೆ," ಎಂದಳು. ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿ ನಡುಮನೆಗೆ ಹೋದಳು, ನನ್ನ ಕುರ್ಚಿಯನ್ನು ಎಳೆದುಕೊಂಡಳು, ನನ್ನ ಕಂಪ್ಯೂಟರಿನ ಮುಂದೆ ಕೂತಳು. ನನ್ನದೇ ಮನೆಯಲ್ಲಿ ನಾನು ನಿಂತುಕೊಂಡಿದ್ದೆ. ಅಷ್ಟು ಸಂತೋಷ ನನಗೆ ಎಷ್ಟೋ ವರ್ಷದಿಂದ ಆಗಿರಲಿಲ್ಲ.